ಏಳನೇ ವಾರದ ಇಲಿಗಳು

ವೇದವತಿ ಮಂಗಳವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಬಸ್ಸು ಹತ್ತಿದ್ದು ತಾಯಿಯ ದರ್ಶನಕ್ಕಲ್ಲ. ಕೈಚೀಲದಲ್ಲಿ ಹಣ್ಣುಕಾಯಿ ಇರಲಿಲ್ಲ. ಒಂದು ಟೈಪು ಮಾಡಿಸಿದ ಕಾಗದ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಪೆನ್ನು, ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಇಷ್ಟೇ. ಬೆಟ್ಟದ ಮೇಲೆ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಬಸವರಾಜು ಹೂವು-ಕಾಯಿ ಅಂಗಡಿ ಇಟ್ಟುಕೊಂಡಿದ್ದಾರೆ ಎಂದು ಯಾರೋ ಹಳೆಯ ಸಹೋದ್ಯೋಗಿ ಹೇಳಿದ್ದರು. ಅವರ ಕೈಲಿ ಕಾಗದಕ್ಕೊಂದು ರುಜು ಹಾಕಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಲಕ್ಷ್ಮೀಪುರಂ ಮನೆ ಸೇರಬೇಕು ಎಂಬುದು ಇವರ ಲೆಕ್ಕ. ಈಯಮ್ಮನ ಲೆಕ್ಕ ಸಾಮಾನ್ಯಕ್ಕೆ ತಪ್ಪುವುದಿಲ್ಲ. ಅರವತ್ನಾಲ್ಕು ವರ್ಷದ ಜೀವಮಾನದಲ್ಲಿ ಅರ್ಧ ಪಾಲು ಗ್ರಾಮು, ಮಿಲಿಗ್ರಾಮು ತೂಗಿಕೊಂಡೇ ಬಂದವರು.

ರುಜು ಯಾತಕ್ಕೆ ಎಂದರೆ, ಒಂದು ಮಾತಿಗಾಗಿ. ಮೂವತ್ತೈದು ವರ್ಷದಿಂದ ಬೆನ್ನಿಗೆ ಅಂಟಿಕೊಂಡು ಬಂದ ಮಾತು. ವೇದವತಿ ತನ್ನ ಪ್ರಯೋಗದ ಅಂಕಿಗಳನ್ನು ನೋಡಿ ಬರೆದದ್ದಲ್ಲ, ಕೂತಲ್ಲೇ ಹುಟ್ಟಿಸಿ ಬರೆದದ್ದು, ಅಂತ. ಎದುರಿಗೆ ಯಾರೂ ಅಂದವರಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು; ಕಾಫಿ ಕುಡಿಯುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವವರ ಜೊತೆ ಹೇಗೆ ಜಗಳವಾಡುವುದು?

ಸಂಗತಿ ಹೀಗೆ. ಆಗ ವೇದವತಿಗೆ ಇಪ್ಪತ್ತೊಂಬತ್ತು. ಊರಿನ ಒಂದು ಚಿಕ್ಕ ಪೋಷಣ ಸಂಶೋಧನಾಲಯದಲ್ಲಿ ಬಿಂದುಮಾಧವ ರಾಯರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದರು. ತಿನ್ನುವ ಆಹಾರಕ್ಕೂ ಸ್ವಭಾವಕ್ಕೂ ಏನು ನಂಟು ಎಂಬುದು ವಿಷಯ, ಅದನ್ನು ಹೇಳಬೇಕಾದವು ಬಿಳಿ ಇಲಿಗಳು. ಮುಸುಕಿನ ಜೋಳದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಒಂದು ಅಂಶ ಬಹಳ ಕಡಿಮೆ. ಅದು ಹೊಟ್ಟೆಗೆ ಬೀಳದಿದ್ದರೆ ಮಿದುಳಿನಲ್ಲಿ ಸೆರೊಟೋನಿನ್ ಸಾಕಷ್ಟು ಹುಟ್ಟುವುದಿಲ್ಲ. ಸೆರೊಟೋನಿನ್ ಕಮ್ಮಿಯಾದರೆ ಪ್ರಾಣಿಯ ಸಮಾಧಾನ ಹೋಗುತ್ತದೆ. ಹಸಿದವನಿಗೆ ಸಿಟ್ಟು ಜಾಸ್ತಿ ಎಂದು ನಮ್ಮಜ್ಜಿಯರಿಗೂ ಗೊತ್ತಿತ್ತು, ಆದರೆ ಇಲ್ಲಿ ಇಲಿಗಳಿಗೆ ಹಸಿವಿಲ್ಲ. ಹೊಟ್ಟೆ ತುಂಬ ಜೋಳ ತಿಂದುಕೊಂಡೇ ಅವು ಸಿಡುಕುತ್ತಿದ್ದವು.

ಕೇಜಿಗೆ ಎರಡರಂತೆ, ಹನ್ನೆರಡು ಕೇಜಿನ ಇಲಿಗಳಿಗೆ ಬರೀ ಜೋಳದ ಹಿಟ್ಟು. ಇನ್ನು ಹನ್ನೆರಡಕ್ಕೆ ಹಾಲಿನಿಂದ ತೆಗೆದ ಪ್ರೋಟೀನು ಬೆರೆಸಿದ ಒಳ್ಳೆಯ ಊಟ. ದಿನಾ ಬೆಳಿಗ್ಗೆ ಹತ್ತಕ್ಕೆ ಒಂದೊಂದು ಇಲಿಯ ಮೂತಿಯ ಮುಂದೂ ವೇದವತಿ ಪೆನ್ಸಿಲ್ ಹಿಡಿಯುತ್ತಿದ್ದರು. ಮೂಸಿ ನೋಡಿದರೆ ಸೊನ್ನೆ, ಹಿಂದೆ ಸರಿದರೆ ಒಂದು, ಎಗರಿದರೆ ಎರಡು, ಕಚ್ಚಿದರೆ ಮೂರು. ಒಳ್ಳೆಯ ಊಟದವು ಮೂಸಿ ಮೂಸಿ ಸುಮ್ಮನಾದವು. ಜೋಳದವು ಎರಡನೇ ವಾರಕ್ಕೆ ಎಗರಿದವು, ನಾಲ್ಕನೇ ವಾರಕ್ಕೆ ಪೆನ್ಸಿಲ್ಲನ್ನು ಕಚ್ಚಿ ಸೀಳಿದವು, ಆರನೇ ವಾರಕ್ಕೆ ಒಂದರ ಕಿವಿಯನ್ನು ಇನ್ನೊಂದು ಹರಿದಿತ್ತು. ಪುಸ್ತಕದಲ್ಲಿ ಇದ್ದಂತೆಯೇ ಎಲ್ಲ ನಡೆಯುತ್ತಿತ್ತು. ಏಳನೇ ವಾರ ಅದೇ ಇಲಿಗಳು ಸಾಧುವಾಗಿಬಿಟ್ಟವು.

ಸುಮ್ಮನೆ ಸಾಧುವಲ್ಲ. ಮೂತಿಯ ಮುಂದಿನ ಪೆನ್ಸಿಲ್ಲಿಗೆ ತಲೆ ಉಜ್ಜುವಷ್ಟು ಸಾಧು. ಏಳು, ಎಂಟು, ಒಂಬತ್ತು, ಮೂರು ವಾರವೂ ಹಾಗೇ. ಪ್ರಯೋಗ ಮುಗಿದ ಮೇಲೆ ಮಿದುಳು ತೆಗೆದು ಅಳೆದರೆ ಸೆರೊಟೋನಿನ್ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ಅದೇ ಜೋಳ, ಅದೇ ಕೇಜು, ಕೊರತೆ ಇದ್ದ ಹಾಗೇ ಇದೆ, ಮಿದುಳು ಮಾತ್ರ ದಾರಿ ಹುಡುಕಿಕೊಂಡಿದೆ. ಕೊರತೆಗೆ ಮಿದುಳು ಆರು ವಾರದಲ್ಲಿ ಒಗ್ಗಿಕೊಳ್ಳುತ್ತದೆ ಎಂದು ವೇದವತಿ ಬರೆದರು. ರಾಯರು ಮೂರು ಸಲ ಓದಿ, ಮೂಗಿಗೆ ನಶ್ಯ ಏರಿಸಿ, ಸೀನಿ, ಇದು ನಿಜವಾದರೆ ನಿನ್ನ ಹೆಸರು ಉಳಿಯುತ್ತೆ ಕಣಮ್ಮ ಎಂದರು.

ಉಳಿಯಿತು, ಆದರೆ ಬೇರೆ ರೀತಿ. ಆಷಾಢದಲ್ಲಿ ಶುರು ಮಾಡಿ ಮತ್ತೊಮ್ಮೆ ನೋಡಿದರು, ಇಲಿಗಳು ಕೊನೆಯವರೆಗೂ ಕಚ್ಚಿದವು. ಮರುವರ್ಷ ಯುಗಾದಿ ಕಳೆದ ಮೇಲೆ ನೋಡಿದರು, ಆಗಲೂ ಕಚ್ಚಿದವು. ಬೇರೆ ಊರಿನವರಿಗೂ ಏಳನೇ ವಾರ ಬರಲೇ ಇಲ್ಲ. ಒಂದು ದಿನ ಸಭೆಯಲ್ಲಿ ಯೋಗೇಂದ್ರ ಎಂಬ ಹಿರಿಯರು, ಏನ್ರೀ, ನಿಮ್ಮ ಇಲಿಗಳು ಪಂಚಾಂಗ ನೋಡಿಕೊಂಡು ಸಾಧುವಾಗ್ತವಾ ಎಂದು ಕೇಳಿದರು. ಎಲ್ಲರೂ ನಕ್ಕರು. ಪದವಿ ಸಿಕ್ಕಿತು, ನಂಬಿಕೆ ಹೋಯಿತು. ಆಮೇಲೆ ವೇದವತಿಯ ಕೈಗೆ ಇಲಿ ಯಾರೂ ಕೊಡಲಿಲ್ಲ. ಬೇಳೆಕಾಳಿನ ತೇವಾಂಶ ಅಳೆಯುವ ವಿಭಾಗದಲ್ಲಿ ತೊಗರಿ, ಉದ್ದು, ಹೆಸರು ಒಣಗಿಸಿ ತೂಗುತ್ತಲೇ ರಿಟೈರ್ ಆದರು. ಅವರ ತಮ್ಮ ಸುದರ್ಶನ ಇವತ್ತಿಗೂ ತಮಾಷೆಗೆ, ಅಕ್ಕ ಬೆಟ್ಟ ಅಗೆದು ಇಲಿ ಹಿಡಿದಳು, ಇಲಿಯೂ ಉಳಿಯಲಿಲ್ಲ ಎನ್ನುತ್ತಾನೆ. ತಮ್ಮನಾದ್ದರಿಂದ ಬದುಕಿದ.

ಹೋದ ವಾರ ಲಹರಿ ಮನೆಗೆ ಬಂದಿದ್ದಳು. ಅದೇ ಸಂಶೋಧನಾಲಯದಲ್ಲಿ ಈಗ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ವೇದವತಿಯ ಪ್ರಯೋಗವನ್ನು ಹೊಸ ಸಲಕರಣೆಗಳೊಂದಿಗೆ ಮತ್ತೆ ಮಾಡಿದ್ದಳು. ಅವಳ ಇಲಿಗಳು ಹತ್ತನೇ ವಾರದವರೆಗೂ ಕಚ್ಚುತ್ತಲೇ ಇದ್ದವಂತೆ. ಈ ಶುಕ್ರವಾರ ಪ್ರಬಂಧ ಕಳಿಸಬೇಕು. ಹಿಂದಿನ ವರದಿಯ ಫಲಿತಾಂಶ ನಮಗೆ ದೊರೆಯಲಿಲ್ಲ, ಕಾರಣ ತಿಳಿದುಬಂದಿಲ್ಲ ಎಂದು ಬರೆಯದೆ ವಿಧಿಯಿಲ್ಲ ಎಂದು ಹೇಳುವಾಗ ಅವಳ ತಲೆ ಬಗ್ಗಿತ್ತು. ಮನೆತನಕ ಬಂದು ಹೇಳಿದ್ದು ಅವಳ ಒಳ್ಳೆಯತನ. ಆದರೆ ‘ಕಾರಣ ತಿಳಿದುಬಂದಿಲ್ಲ’ ಎಂಬ ಮಾತನ್ನು ವಿಜ್ಞಾನಿಗಳು ಹೇಗೆ ಓದಿಕೊಳ್ಳುತ್ತಾರೆ ಎಂಬುದು ವೇದವತಿಗೆ ಗೊತ್ತಿತ್ತು. ಇಷ್ಟು ದಿನ ಕಾಫಿಯ ಜೊತೆ ಆಡಿಕೊಂಡ ಮಾತು ಇನ್ನು ಅಚ್ಚಿನಲ್ಲಿ ಕೂರುತ್ತದೆ.

ತಾನು ಸುಳ್ಳು ಬರೆದಿಲ್ಲ ಎಂದು ತೋರಿಸುವುದು ಹೇಗೆ? ರಾಯರು ತೀರಿಕೊಂಡು ಹದಿನೆಂಟು ವರ್ಷ. ಆ ಒಂಬತ್ತು ವಾರ ಅನಿಮಲ್ ಹೌಸಿನಲ್ಲಿ ದಿನವೂ ಇದ್ದವರು ಇನ್ನೊಬ್ಬರೇ, ಅಟೆಂಡರ್ ಬಸವರಾಜು. ಹಿಟ್ಟು ತೂಗಿದ್ದು ವೇದವತಿ, ಹಾಕಿದ್ದು ಬಸವರಾಜು. ಆಹಾರದಲ್ಲಿ ಏನೂ ವ್ಯತ್ಯಾಸವಾಗಿಲ್ಲ ಎಂದು ಅವರು ಬರೆದುಕೊಟ್ಟರೆ ಪ್ರಬಂಧದ ಜೊತೆ ಸೇರಿಸುತ್ತೇನೆ ಎಂದು ಲಹರಿ ಒಪ್ಪಿದ್ದಳು. ಬರೆದುಕೊಡಿ ಎಂದು ಕೇಳುವುದೇಕೆ, ಪಾಪ ಅವರಿಗೆ ತೊಂದರೆ ಎಂದು ವೇದವತಿ ತಾವೇ ಬರೆದು, ಲಕ್ಷ್ಮೀಪುರಂ ಮೂಲೆಯ ಅಂಗಡಿಯಲ್ಲಿ ಟೈಪು ಮಾಡಿಸಿ ತಂದಿದ್ದರು. ಇನ್ನು ರುಜು ಒಂದೇ ಬಾಕಿ.

ಬಸ್ಸು ತಿರುವು ಹತ್ತುತ್ತಾ ಹೋದ ಹಾಗೆ ಊರು ಕೆಳಗಿಳಿಯಿತು. ಬೆಟ್ಟ ಅಗೆದು ಇಲಿ ಹಿಡಿಯುವುದನ್ನು ಕೇಳಿದ್ದೆ, ಇಲಿಗೋಸ್ಕರ ಬೆಟ್ಟ ಹತ್ತುವವಳು ನಾನೇ ಮೊದಲಿರಬೇಕು ಎಂದುಕೊಂಡು ವೇದವತಿಗೆ ನಗು ಬಂತು. ಆಮೇಲೆ ಯಾಕೋ ಹಳೆಯ ಅನಿಮಲ್ ಹೌಸ್ ಕಣ್ಣಿಗೆ ಕಟ್ಟಿತು. ಈಗ ಅದನ್ನು ಕೆಡವಿ ಗಾಜಿನ ಕಟ್ಟಡ ಮಾಡಿದ್ದಾರೆ, ಒಳಗೆ ಕಾಲಿಡಬೇಕಾದರೆ ತಲೆಯಿಂದ ಕಾಲಿನವರೆಗೆ ಗೌನು ಹಾಕಿಕೊಳ್ಳಬೇಕಂತೆ. ಆಗ ಮಂಗಳೂರು ಹೆಂಚಿನ ಒಂದು ಉದ್ದ ಶೆಡ್ಡು, ಮುಂದೊಂದು ಹೊಂಗೆ ಮರ. ಬಾಗಿಲು ತೆಗೆದರೆ ಮರದ ಹೊಟ್ಟು, ಫಿನೈಲು, ಜೋಳದ ಹಿಟ್ಟು ಎಲ್ಲ ಸೇರಿದ ಒಂದು ಬೆಚ್ಚನೆಯ ವಾಸನೆ ಬರುತ್ತಿತ್ತು. ಸೈಕಲ್ಲು ಮರಕ್ಕೆ ಒರಗಿಸಿ ಒಳಗೆ ಹೋಗುವ ಹೊತ್ತಿಗೆ ಬಸವರಾಜು ಟ್ರೇಗಳನ್ನು ತೊಳೆದು ಬಿಸಿಲಿಗೆ ನಿಲ್ಲಿಸಿರುತ್ತಿದ್ದರು. ಕಿಟಕಿಯ ಮೇಲೆ ಅವರ ರೇಡಿಯೋ ಸಣ್ಣಗೆ ಹಾಡುತ್ತಿರುತ್ತಿತ್ತು. ಇಲಿಗಳಿಗೆ ಹಾಡು ಗೊತ್ತಾಗುತ್ತೇನ್ರೀ ಎಂದು ರಾಯರು ಕಿಚಾಯಿಸಿದರೆ, ನಿಮ್ಮ ಸೀನು ಗೊತ್ತಾಗುತ್ತಲ್ಲ ಸಾರ್ ಎಂದು ಬಸವರಾಜು ಮೆಲ್ಲಗೆ ಅನ್ನುತ್ತಿದ್ದರು. ನಿಜ, ರಾಯರು ನಶ್ಯ ಹಾಕಿ ಸೀನಿದರೆ ನಲವತ್ತೆಂಟು ಇಲಿಗಳೂ ಒಮ್ಮೆಗೇ ಕಲ್ಲಾಗಿಬಿಡುತ್ತಿದ್ದವು.

ಮಿದುಳು ತೆಗೆಯುವ ದಿನ ಮಾತ್ರ ಬಸವರಾಜು ಕೆಲಸಕ್ಕೆ ಬರುತ್ತಿರಲಿಲ್ಲ. ಹಿಂದಿನ ದಿನವೇ ರಜೆ ಅರ್ಜಿ ಬರೆದಿಟ್ಟು ಹೋಗುತ್ತಿದ್ದರು. ಕಾರಣ ಎಂಬಲ್ಲಿ ಪ್ರತಿ ಸಲವೂ ‘ಹೊಟ್ಟೆನೋವು’. ರಾಯರು ಏನೂ ಕೇಳದೆ ಸಹಿ ಹಾಕುತ್ತಿದ್ದರು. ಇದೆಲ್ಲ ನೆನೆದು ವೇದವತಿಯ ಎದೆ ತುಂಬಿ ಬಂತು. ಜೀವನದಲ್ಲಿ ನಿಜವಾಗಿ ಸುಖವಾಗಿದ್ದದ್ದು ಆ ಶೆಡ್ಡಿನಲ್ಲೇ ಎಂದು ಅವರಿಗೆ ಈಗ ಅನುಮಾನವಿರಲಿಲ್ಲ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಸವರಾಜು ಕುಕ್ಕರಗಾಲಿನಲ್ಲಿ ಕೂತು ತೆಂಗಿನಕಾಯಿಗಳ ಜುಟ್ಟು ಸರಿ ಮಾಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವರ ಹೆಂಡತಿ ಶಿವನಂಜಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ವೇದವತಿ ಹೆಸರು ಹೇಳುವ ಮೊದಲೇ ಬಸವರಾಜು ಎದ್ದು ನಿಂತು, ಮೇಡಮ್ಮೋರು ಎಂದರು. ಒಳಗಿಂದ ಸ್ಟೂಲು ಬಂತು, ಎಳನೀರು ಬಂತು. ಸೈಕಲ್ಲು ಇನ್ನೂ ಇದೆಯೇ, ಅಮ್ಮ ಇದ್ದಾರೆಯೇ, ಮೂಗಿನ ಮೇಲೆ ಜಾರುತ್ತಿದ್ದ ಆ ಕನ್ನಡಕ ಏನಾಯಿತು ಎಂದು ಒಂದಾದ ಮೇಲೊಂದು ಕೇಳಿದರು. ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು ಎಂದಾಗ ದೇವಸ್ಥಾನದ ಕಡೆ ತಿರುಗಿ ನಮಸ್ಕರಿಸಿದರು. ಅವರ ಕೈ ದೊಡ್ಡದು ಎಂದರು.

ಮಾತು ಸಹಜವಾಗಿ ಇಲಿಗಳ ಕಡೆಗೆ ತಿರುಗಿತು. ಬಸವರಾಜು ಒಂದೊಂದನ್ನೂ ನೆನಪಿಟ್ಟುಕೊಂಡಿದ್ದರು. ವೇದವತಿಗೆ ಅವು ನಂಬರುಗಳಾಗಿದ್ದವು, ಬಸವರಾಜುಗೆ ಅವು ಗೌಡ, ಮೇಷ್ಟ್ರು, ಕುಂಟಿ, ಜಯಮ್ಮ. ಕಿವಿ ಹರಿಸಿಕೊಂಡದ್ದು ಮೇಷ್ಟ್ರು, ಹರಿದದ್ದು ಗೌಡ. ಮೇಷ್ಟ್ರ ಕಿವಿಗೆ ತಾವು ಅರಿಸಿನ ಹಚ್ಚಿದ್ದನ್ನು ಹೇಳಿ ಅವರು ನಕ್ಕರು. ವೇದವತಿಯೂ ನಕ್ಕರು. ಇಷ್ಟು ಹಗುರವಾಗಿ ನಕ್ಕು ಬಹಳ ದಿನವಾಗಿತ್ತು. ಅದೇ ಹಗುರದಲ್ಲಿ ಕಾಗದ ತೆಗೆದು ಕೊಟ್ಟು, ಇದಕ್ಕೊಂದು ಸೈನ್ ಬೇಕಿತ್ತು ಬಸವರಾಜು, ಬೇರೇನಿಲ್ಲ, ಆಗ ನಡೆದದ್ದನ್ನೇ ಬರೆದಿದ್ದೀನಿ ಎಂದರು.

ಬಸವರಾಜು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ಇಷ್ಟು ತೂಕದ ಹಿಟ್ಟು ಕೊಟ್ಟಿರುತ್ತೇನೆ ಎಂಬಲ್ಲಿ ತಲೆಯಾಡಿಸಿದರು. ದಿನಕ್ಕೆರಡು ಬಾರಿ ನೀರು ಬದಲಿಸಿರುತ್ತೇನೆ ಎಂಬಲ್ಲಿ ತಲೆಯಾಡಿಸಿದರು. ‘ನಿಗದಿಪಡಿಸಿದ ಆಹಾರವಲ್ಲದೆ ಬೇರೆ ಯಾವುದೇ ಪದಾರ್ಥವನ್ನು ಪ್ರಾಣಿಗಳಿಗೆ ನೀಡಿರುವುದಿಲ್ಲ’ ಎಂಬ ಸಾಲಿನ ಮೇಲೆ ಬೆರಳು ನಿಂತಿತು. ಎರಡನೇ ಸಲ ಓದಿದರು. ಆಮೇಲೆ ಕಾಗದವನ್ನು ಇದ್ದ ಮಡಿಕೆಯ ಮೇಲೇ ಮಡಿಸಿ ವೇದವತಿಯ ಕಡೆಗೆ ಚಾಚಿದರು.

“ಇದಕ್ಕೆ ಎಂಗೆ ಸೈನ್ ಆಕ್ಲಿ ಮೇಡಮ್ಮೋರೇ? ಕೊಟ್ಟಿದ್ನಲ್ಲ.”

ವೇದವತಿಗೆ ತಕ್ಷಣ ಅರ್ಥವಾಗಲಿಲ್ಲ. ಏನು ಕೊಟ್ಟಿದ್ದಿರಿ ಎಂದರು.

“ಎಳ್ಳು-ಬೆಲ್ಲ. ನಿಮ್ಮ ಅಮ್ಮೋರು ಕಳಿಸಿದ್ರಲ್ಲ, ದೊಡ್ಡ ಡಬ್ಬದಲ್ಲಿ. ಸಂಕ್ರಾಂತಿ ಅಬ್ಬ ಭಾನುವಾರ ಬಿದ್ದಿತ್ತು, ಸೋಮವಾರ ನೀವೇ ತಂದ್ಕೊಟ್ರಿ. ನಮ್ಮೂರಲ್ಲಿ ಸಂಕ್ರಾಂತೀಲಿ ದನಕ್ಕೆ ಕೊಡ್ದೆ ನಾವ್ ಬಾಯಿಗೆ ಆಕ್ಕೊಳಾಕಿಲ್ಲ. ಇಲ್ಲಿ ನನಗೆ ದನ ಎಲ್ಲಿತ್ತು? ನಮ್ಗೆ ಅನ್ನ ಕೊಡ್ತಿದ್ದೋವು ಅವೇ ತಾನೇ.”

ವೇದವತಿ ಎಳನೀರನ್ನು ಕೆಳಗಿಟ್ಟರು. ಡಬ್ಬ ನೆನಪಾಯಿತು. ಅಮ್ಮ ಪ್ರತಿ ವರ್ಷ ವಾರಗಟ್ಟಲೆ ಕೂತು ಕೊಬ್ಬರಿ, ಅಚ್ಚುಬೆಲ್ಲ ಅಡಕೆ ಚೂರಿನಷ್ಟು ಸಣ್ಣಗೆ ಹೆಚ್ಚಿ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಕೇರಿ, ಹುರಿಗಡಲೆ ಸೇರಿಸಿ, ಬಿಳಿ ಎಳ್ಳು ಬೆರೆಸಿ ಡಬ್ಬ ತುಂಬುತ್ತಿದ್ದರು. ಮನೆಯವರಿಗೊಂದು, ಬೀದಿಯವರಿಗೊಂದು, ಮಗಳ ಲ್ಯಾಬಿನವರಿಗೆ ಎಲ್ಲಕ್ಕಿಂತ ದೊಡ್ಡದೊಂದು. ಆ ಡಬ್ಬವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋದದ್ದೂ ನೆನಪಾಯಿತು. ಬಸವರಾಜು ಕೈಗೆ ಕೊಟ್ಟದ್ದಷ್ಟೇ, ಆಮೇಲೆ ಅದೇನಾಯಿತೆಂದು ಯಾರು ಯೋಚಿಸುತ್ತಾರೆ.

ಬಸವರಾಜು ಯಾವ ಮುಚ್ಚುಮರೆಯೂ ಇಲ್ಲದೆ ಉಳಿದದ್ದನ್ನೂ ಹೇಳಿದರು. ಜೋಳದ ಇಲಿಗಳಿಗೆ ಮಾತ್ರವಲ್ಲ, ಇಪ್ಪತ್ನಾಲ್ಕು ಕೇಜಿಗೂ ಕೊಟ್ಟಿದ್ದರು. ಒಂದು ದಿನವಲ್ಲ, ಎಳ್ಳು ಬೀರುವುದು ರಥಸಪ್ತಮಿಯವರೆಗೂ ಉಂಟಲ್ಲ, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಕೇಜಿಗೆ ಒಂದು ದೊಡ್ಡ ಚಮಚ. ಡಬ್ಬ ಮುಗಿದ ಮೇಲೆ ಶಿವನಂಜಮ್ಮ ಮನೆಯಲ್ಲಿ ಮತ್ತೆ ಮಾಡಿಕೊಟ್ಟಿದ್ದರು. ಶಿವನಂಜಮ್ಮ ಹೂವಿನಿಂದ ತಲೆ ಎತ್ತದೆ ಹೌದೆಂದರು. ಹೊರಗಿನ ಊಟ ಹಾಕಬಾರದು ಎಂದು ಗೋಡೆಯ ಮೇಲೆ ಬೋರ್ಡು ಇತ್ತಲ್ಲ ಎಂದು ವೇದವತಿ ಕೇಳಿದಾಗ ಬಸವರಾಜುಗೆ ನಿಜಕ್ಕೂ ಆಶ್ಚರ್ಯವಾಯಿತು.

“ಊಟ ನಾನ್ ಆಕ್ಲಿಲ್ಲವಲ್ಲ. ಎಳ್ಳು-ಬೆಲ್ಲ ಊಟವಾ? ಅದು ಅಬ್ಬ. ಎಳ್ಳು-ಬೆಲ್ಲ ತಿಂದು ಒಳ್ಳೇ ಮಾತಾಡ್ರೋ ಅಂತ ಯೋಳಿ ಯೋಳೀನೇ ಕೊಟ್ಟೆ, ಅಂಗೆ ಕಚ್ಚಾಡ್ತಿದ್ವಲ್ಲ.”

ಇಲಿಗಳು ಎಂದು ಬಂದವು ಎಂದು ವೇದವತಿ ಕೇಳಿದರು. ಕಾರ್ತೀಕದ ಕಡೇ ಸೋಮವಾರ ಎಂದರು ಬಸವರಾಜು, ನಂಜನಗೂಡಿಗೆ ಹೋಗಿ ಬಂದು ಅವತ್ತು ಕೆಲಸಕ್ಕೆ ತಡವಾಗಿತ್ತಂತೆ. ವೇದವತಿ ಬೆರಳು ಮಡಿಸಿದರು. ಬಂದ ಮೇಲೆ ಒಂದು ವಾರ ಮಾಮೂಲಿ ಆಹಾರ. ಆಮೇಲೆ ಜೋಳ. ಒಂದು, ಎರಡು, ಮೂರು ಎಂದು ಆರು ವಾರ ಎಣಿಸಿದರೆ ಸಂಕ್ರಾಂತಿ. ಅದರ ಮರುದಿನದಿಂದ ಏಳನೇ ವಾರ. ತಮ್ಮ ಪುಸ್ತಕದಲ್ಲಿ ಎಲ್ಲೂ ತಾರೀಖು ಇರಲಿಲ್ಲ. ಪ್ರಯೋಗದ ಒಂದನೇ ದಿನ, ನಲವತ್ಮೂರನೇ ದಿನ ಎಂದೇ ಬರೆಯುವುದು ಪದ್ಧತಿ. ಅದರಲ್ಲಿ ಹಬ್ಬ ಎಲ್ಲಿಂದ ಕಾಣಬೇಕು? ಎಳ್ಳಿನಲ್ಲಿ, ಕಡಲೆಕಾಯಿ ಬೀಜದಲ್ಲಿ ಟ್ರಿಪ್ಟೊಫ್ಯಾನ್ ಧಾರಾಳ. ಜೊತೆಗೆ ಬೆಲ್ಲ ಬಿದ್ದರೆ ಅದು ಮಿದುಳಿಗೆ ಇನ್ನೂ ಸಲೀಸಾಗಿ ಸೇರುತ್ತದೆ. ಇಷ್ಟು ಚೊಕ್ಕವಾಗಿ ಪ್ರಯೋಗದ ಆಹಾರ ಬೆರೆಸಿದ್ದೇನೆಂದು ಅಮ್ಮನಿಗೂ ಗೊತ್ತಿರಲಿಲ್ಲ.

ಪಂಚಾಂಗ ನೋಡಿಕೊಂಡು ಸಾಧುವಾಗ್ತವಾ ಎಂದಿದ್ದರಲ್ಲ ಯೋಗೇಂದ್ರ! ಹೌದು ಮಾರಾಯರೇ, ಪಂಚಾಂಗ ನೋಡಿಕೊಂಡೇ ಆದವು. ವೇದವತಿಗೆ ನಗು ತಡೆಯಲಾಗಲಿಲ್ಲ. ದೇವಸ್ಥಾನಕ್ಕೆ ಹೋಗುತ್ತಿದ್ದ ನಾಲ್ಕು ಜನ ತಿರುಗಿ ನೋಡುವಷ್ಟು ನಕ್ಕರು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಲ್ಲ ಎಂದು ಅವರಿಗೇ ತಡವಾಗಿ ಗೊತ್ತಾಯಿತು. ಅವರು ಸುಳ್ಳು ಬರೆದಿರಲಿಲ್ಲ. ಇಲಿಗಳು ನಿಜವಾಗಿಯೂ ಸಾಧುವಾಗಿದ್ದವು, ಪ್ರತಿ ಸೊನ್ನೆಯೂ ಕಣ್ಣಾರೆ ಕಂಡ ಸೊನ್ನೆ. ಆದರೆ ಕೊರತೆಗೆ ಮಿದುಳು ಒಗ್ಗಿಕೊಂಡಿತು ಎಂಬ ಅವರ ಒಂದೇ ಒಂದು ಸಿದ್ಧಾಂತ, ಯಾರು ನಗಲಿ ಬಿಡಲಿ ಮೂವತ್ತೈದು ವರ್ಷ ಮಡಿಲಲ್ಲಿಟ್ಟುಕೊಂಡು ಸಾಕಿದ ಸಿದ್ಧಾಂತ, ಈ ಕ್ಷಣಕ್ಕೆ ಹೋಯಿತು. ಮಿದುಳು ಯಾವುದಕ್ಕೂ ಒಗ್ಗಿಕೊಂಡಿರಲಿಲ್ಲ. ಇಲ್ಲದ್ದನ್ನು ಯಾರೋ ತಂದು ಕೊಟ್ಟಿದ್ದರು, ಅಷ್ಟೇ.

ಬಸವರಾಜುಗೆ ಗಾಬರಿಯಾಯಿತು. ಏನಾಯಿತು ಎಂದು ಕೇಳಿದರು. ಹೇಳದೆ ಇರಬಹುದಿತ್ತು. ಏನಿಲ್ಲ ಬಿಡಿ, ಹಳೆಯದೇನೋ ನೆನಪಾಯಿತು ಎಂದು ಎದ್ದು ಬರಬಹುದಿತ್ತು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಒಂದು ಮೆಮೋವನ್ನೂ ತೆಗೆದುಕೊಳ್ಳದ ಮನುಷ್ಯ, ಈಗ ಯಾಕೆ ಅವರ ತಲೆಗೆ ಹೊರಿಸುವುದು ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೆ ಆ ಮನುಷ್ಯ ಈಗ ತಾನೇ ಒಂದು ಸುಳ್ಳು ಸಾಲಿಗೆ ರುಜು ಹಾಕಲು ಒಪ್ಪದೆ ಕಾಗದ ವಾಪಸ್ಸು ಕೊಟ್ಟಿದ್ದರು. ಅವರ ಮುಂದೆ ಸುಳ್ಳು ಹೇಳಲು ವೇದವತಿಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದರು. ಇಲಿಗಳು ಯಾಕೆ ಸಾಧುವಾದವು, ತಾವು ಏನೆಂದು ಬರೆದರು, ಜನ ಏನೆಂದರು, ತೊಗರಿಬೇಳೆ ಒಣಗಿಸುತ್ತಾ ಹೇಗೆ ವಯಸ್ಸಾಯಿತು, ಎಲ್ಲ.

ಬಸವರಾಜು ಕೇಳುತ್ತಾ ಕೇಳುತ್ತಾ ಮತ್ತೆ ಕುಕ್ಕರಗಾಲಿನಲ್ಲಿ ಕೂತರು. ಶಿವನಂಜಮ್ಮನ ಕೈ ಹೂವಿನ ಮೇಲೆ ನಿಂತಿತ್ತು. ಯಾರೋ ಭಕ್ತರು ಕಾಯಿ ಎಷ್ಟು ಎಂದು ಕೇಳಿ, ಉತ್ತರ ಸಿಗದೆ ಪಕ್ಕದ ಅಂಗಡಿಗೆ ಹೋದರು.

“ಒಂದ್ ಮಾತು ಕೇಳಿದ್ರೆ ಅವತ್ತೇ ಯೋಳ್ಬುಡ್ತಿದ್ನಲ್ಲ ಮೇಡಮ್ಮೋರೇ,” ಎಂದರು ಕೊನೆಗೆ. “ನಾನು ಅಲ್ಲೇ ಇದ್ನಲ್ಲ.”

ಅವರು ಆಕ್ಷೇಪಣೆಗೆ ಹೇಳಿದ್ದಲ್ಲ, ದುಃಖಕ್ಕೆ ಹೇಳಿದ್ದು. ಆಕ್ಷೇಪಣೆಯಾಗಿದ್ದರೆ ತಡೆದುಕೊಳ್ಳಬಹುದಿತ್ತು. ಏಳನೇ ವಾರದ ಗುಟ್ಟು ತಿಳಿಯಲು ವೇದವತಿ ಹೊರದೇಶದ ಹನ್ನೊಂದು ಮಂದಿ ವಿಜ್ಞಾನಿಗಳಿಗೆ ಪತ್ರ ಬರೆದಿದ್ದರು. ರಾಯರ ಜೊತೆ ದಿನಗಟ್ಟಲೆ ಕೂತು ತಲೆ ಕೆರೆದುಕೊಂಡಿದ್ದರು. ಜೋಳದ ಮೂಟೆ ಬಂದ ಮಂಡಿಗೆ ಹೋಗಿ ಜೋಳ ಯಾವ ಊರಿನದು ಎಂದು ವಿಚಾರಿಸಿದ್ದರು. ಅಷ್ಟೂ ದಿನ ಬಸವರಾಜು ಹತ್ತು ಅಡಿ ದೂರದಲ್ಲಿ ಟ್ರೇ ತೊಳೆಯುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ವೇದವತಿ ಸಾವಿರ ಸಲ ಬೇರೆಯವರ ಮೇಲೆ ಹೇಳಿರಬಹುದು. ಬಸವರಾಜು ಕೈಲಿ ಅವರು ಹಾಕಿಸಿಕೊಂಡದ್ದು ಹಿಟ್ಟು-ನೀರಿನ ಲೆಕ್ಕಕ್ಕೆ ದಿನಕ್ಕೆರಡು ರುಜು, ಕೇಳಿದ್ದು ಏನೂ ಇಲ್ಲ. ಇವತ್ತು ಕೂಡ ಕೇಳಲು ಬಂದಿರಲಿಲ್ಲ. ಅವರು ಏನು ಹೇಳಬೇಕೆಂದು ಮನೆಯಲ್ಲೇ ಟೈಪು ಮಾಡಿಸಿಕೊಂಡು ಬಂದಿದ್ದರು. 

“ಕೇಳ್ಬೇಕಿತ್ತು ಬಸವರಾಜು,” ಎಂದರು. “ನನ್ನ ತಪ್ಪು ಅದು. ನಿಮ್ಮದಲ್ಲ.”

ಆಮೇಲೆ ಲಹರಿಗೆ ಫೋನು ಮಾಡಿದರು. ಕಾರಣ ಸಿಕ್ಕಿತು, ನನ್ನ ಸಿದ್ಧಾಂತ ತಪ್ಪು, ಅಂಕಿಗಳು ಸರಿ, ಹಾಗೇ ಬರೆ ಎಂದು ಒಂದೇ ಉಸಿರಿಗೆ ಹೇಳಿ ಎಳ್ಳು-ಬೆಲ್ಲದ ಕಥೆ ಹೇಳಿದರು. ಆ ಕಡೆಯಿಂದ ಕಾಗದ ಎಳೆದುಕೊಳ್ಳುವ ಸದ್ದು ಬಂತು. ಆಮೇಲೆ ಲಹರಿ ಪ್ರಶ್ನೆಗಳನ್ನು ಸುರಿಸಿದಳು. ಕೇಜಿಗೆ ಎಷ್ಟು ಗ್ರಾಮು, ಎಷ್ಟು ಹೊತ್ತಿಗೆ, ಹಿಟ್ಟಿಗಿಂತ ಮೊದಲೋ ಆಮೇಲೋ, ಎಲ್ಲ ಇಲಿಗಳೂ ತಿಂದವೋ. ವೇದವತಿ ಎಂದಿನ ಅಭ್ಯಾಸದಿಂದ ಉತ್ತರ ಹೇಳಲು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ನನಗೆ ಗೊತ್ತಿಲ್ಲ ಕಣಮ್ಮ, ಗೊತ್ತಿರುವವರಿಗೆ ಕೊಡುತ್ತೇನೆ ಎಂದು ಫೋನನ್ನು ಬಸವರಾಜು ಕೈಗಿಟ್ಟರು.

ಬಸವರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಮಸ್ಕಾರ ಸರ್, ನಿಮಗೆ ನೆನಪಿರೋದನ್ನೆಲ್ಲ ನಿಧಾನವಾಗಿ ಹೇಳಿ, ನಾನು ಬರ್ಕೋತೀನಿ ಎಂದಳು ಲಹರಿ. ಮೂವತ್ತೊಂದು ವರ್ಷದಲ್ಲಿ ಆ ಕಟ್ಟಡದಿಂದ ಯಾರೂ ಅವರನ್ನು ಸರ್ ಎಂದಿರಲಿಲ್ಲ. ಅವರು ಒಮ್ಮೆ ಹೆಂಡತಿಯ ಮುಖ ನೋಡಿ, ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೊಂದಕ್ಕೂ ಉತ್ತರ ಕೊಟ್ಟರು. ಬೆಳಿಗ್ಗೆ ಏಳೂಕಾಲು. ಹಿಟ್ಟಿಗಿಂತ ಮೊದಲು. ಕೈಯಲ್ಲೇ ಇಟ್ಟುಕೊಂಡು ತಿನ್ನಿಸಿದ್ದು. ಜಯಮ್ಮ ಎಂಬುದು ಕೊಬ್ಬರಿ ಬಿಟ್ಟು ಉಳಿದದ್ದೆಲ್ಲ ತಿನ್ನುತ್ತಿತ್ತು. ವೇದವತಿ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು. ಅವರ ಒಂಬತ್ತು ವಾರದ ಪುಸ್ತಕದಲ್ಲಿ ಇದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಇನ್ನೊಂದೇ ಪ್ರಶ್ನೆ ಸರ್ ಎಂದಳು ಲಹರಿ. ದಿನಾ ಯಾವ ಕೇಜಿನಿಂದ ಶುರು ಮಾಡುತ್ತಿದ್ದಿರಿ, ಎಡಗಡೆಯಿಂದಲೋ ಬಲಗಡೆಯಿಂದಲೋ? ಅದೂ ಮುಖ್ಯವಾಗುತ್ತದೆ.

“ಎಡ ಬಲ ಅಂತೇನಿಲ್ಲ ಕಣವ್ವ,” ಎಂದರು ಬಸವರಾಜು. “ಯಾವುದು ಜಾಸ್ತಿ ಕಚ್ತಿತ್ತೋ, ಅದಕ್ಕೆ ಮೊದ್ಲು ಕೊಡ್ತಿದ್ದೆ.”